ಊರಿನ ನಕ್ಷೆಯಲ್ಲಿ ನಮ್ಮ ಬದುಕಿಗೆ ಜಾಗ ಎಲ್ಲಿದೆ? ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ರಸ್ತೆ ಅಗಲ ಮಾಡುವಾಗ, ಹೊಸ ಬಡಾವಣೆ ಎಳೆಯುವಾಗ, ಮಾರುಕಟ್ಟೆ ಕಟ್ಟುವಾಗ ಜನರ ರೂಢಿಯನ್ನೂ ಲೆಕ್ಕಕ್ಕೆ ತಗೋಬೇಕು ಅಂತ ನಾನು ಹೋದಲ್ಲೆಲ್ಲ ಹೇಳುತ್ತೇನೆ. ಹೇಳಿದಾಗಲೆಲ್ಲ ಸುತ್ತಿ ಬಳಸಿ ಇವೇ ಪ್ರಶ್ನೆಗಳು ಬರುತ್ತವೆ. ಒಂದೇ ಕಡೆ ಉತ್ತರ ಸಿಗಲಿ ಅಂತ ಬರೆದಿದ್ದೇನೆ.

ಸಂಸ್ಕೃತಿ ಅಂದರೆ ನಾಟಕ, ಹಾಡು, ಕುಣಿತ ಅಲ್ವಾ? ರಸ್ತೆ, ಚರಂಡಿಗೂ ಅದಕ್ಕೂ ಏನು ಸಂಬಂಧ?

ನಾಟಕ, ಹಾಡು ಅದರ ಒಂದು ಪಾಲು ಅಷ್ಟೇ. ನಾವು ಏನು ಉಣ್ಣುತ್ತೇವೆ, ಎಲ್ಲಿ ಕೂತು ಮಾತಾಡುತ್ತೇವೆ, ಯಾವ ಕಸುಬು ಮಾಡುತ್ತೇವೆ, ಹಬ್ಬದ ದಿನ ಯಾವ ಬೀದಿಯಲ್ಲಿ ನಡೆಯುತ್ತೇವೆ, ಸತ್ತವರನ್ನು ಎಲ್ಲಿಗೆ ಒಯ್ಯುತ್ತೇವೆ, ಇದೆಲ್ಲ ಸಂಸ್ಕೃತಿಯೇ. 1982ರಲ್ಲಿ ಮೆಕ್ಸಿಕೊ ನಗರದಲ್ಲಿ ಯುನೆಸ್ಕೊ ಸಭೆ ಸೇರಿದಾಗಲೇ ಕಲೆ, ಸಾಹಿತ್ಯದ ಜೊತೆಗೆ ಬದುಕುವ ರೀತಿಯನ್ನೂ ಸಂಸ್ಕೃತಿಯ ವ್ಯಾಖ್ಯೆಗೆ ಸೇರಿಸಿದ್ದರು.

ಈಗ ನೋಡಿ, ಇವೆಲ್ಲಕ್ಕೂ ನೆಲ ಬೇಕು. ಕೂರೋಕೆ ನೆರಳು ಬೇಕು, ಭತ್ತ ಒಣಗಿಸೋಕೆ ಅಂಗಳ ಬೇಕು, ತೇರು ತಿರುಗೋಕೆ ಬೀದಿ ಬೇಕು. ಆ ನೆಲ ಯಾರಿಗೆ, ಯಾತಕ್ಕೆ ಅಂತ ತೀರ್ಮಾನಿಸುವ ಕೆಲಸಕ್ಕೇ ನಗರ ಯೋಜನೆ ಅನ್ನೋದು. ಹಾಗಾಗಿ ಸಂಬಂಧ ಇದೆಯೋ ಇಲ್ಲವೋ ಅನ್ನುವ ಮಾತೇ ಇಲ್ಲ. ಸಂಬಂಧ ಇದ್ದೇ ಇದೆ, ಗೆರೆ ಎಳೆಯುವವರು ಅದನ್ನು ಕೇಳಿಕೊಂಡು ಎಳೆಯುತ್ತಾರಾ ಅನ್ನೋದೇ ನನ್ನ ಚಿಂತೆ.

ನಮ್ಮ ಊರಿನದೇ ಒಂದು ಉದಾಹರಣೆ ಕೊಡಿ.

ಮಂಡಕ್ಕಿ ಭಟ್ಟಿ, ಅಂದರೆ ಮಂಡಕ್ಕಿ (ಪುರಿ) ಹುರಿಯುವ ಜಾಗ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ಒಮ್ಮೆ ಹತ್ತಿರದಿಂದ ನೋಡಿ.

ಭತ್ತವನ್ನು ಬಿಸಿನೀರಲ್ಲಿ ನೆನೆ ಹಾಕುತ್ತಾರೆ. ಹುರಿದು, ಬಿಸಿಲಿಗೆ ಹರವುತ್ತಾರೆ. ಆಮೇಲೆ ಹೊಟ್ಟು ಬಿಡಿಸಿ, ಅಕ್ಕಿಗೆ ಉಪ್ಪುನೀರು ಹಿಡಿಸುತ್ತಾರೆ. ಕೊನೆಗೆ ಕಾದ ಮರಳಿಗೆ ಹಾಕಿದರೆ ನಾವು ಕಣ್ಣು ಪಿಳುಕಿಸುವಷ್ಟರಲ್ಲಿ ಅರಳಿಬಿಡುತ್ತದೆ. ಆ ಸದ್ದು ಮಳೆ ಹನಿ ತಗಡಿನ ಮೇಲೆ ಬಿದ್ದ ಹಾಗೆ. ಜರಡಿ ಹಿಡಿದವರು ಒಂದೇ ಬೀಸಿಗೆ ಮರಳು ಬೇರೆ, ಮಂಡಕ್ಕಿ ಬೇರೆ ಮಾಡುತ್ತಾರೆ. ಒಂದು ಗಳಿಗೆ ತಡ ಮಾಡಿದರೆ ಸೀದು ಹೋಗುತ್ತದೆ. ಈ ಕೈಚಳಕ ಯಾವ ಪುಸ್ತಕ ಓದಿದರೂ ಬರಲ್ಲ. ಅಪ್ಪನಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಬಂದಿದ್ದು.

ಇನ್ನು ನೆಲದ ಲೆಕ್ಕ. ಒಲೆಗೆ ಬೇಕಾದ ಜಾಗ ಸ್ವಲ್ಪ. ಹರವೋಕೆ ಬೇಕಾದ ಅಂಗಳ ಜಾಸ್ತಿ. ನೀರು ಬೇಕು, ಹೊಟ್ಟು ಕೂಡಿಡೋಕೆ ಕೊಟ್ಟಿಗೆ ಬೇಕು, ಚೀಲ ಹೊತ್ತ ಗಾಡಿ ಒಳಗೆ ಬರೋಕೆ ದಾರಿ ಬೇಕು. ಮನೆ ಹತ್ತಿರದಲ್ಲೇ ಇರಬೇಕು, ಯಾಕಂದರೆ ಕೆಲಸ ನಸುಕಿಗೇ ಶುರು, ಮನೆ ಮಂದಿಯೆಲ್ಲ ಕೈ ಹಾಕುತ್ತಾರೆ. ಈಗ ಯಾರೋ ಕಚೇರಿಯಲ್ಲಿ ಕೂತು ಕಾಗದದ ಮೇಲೆ ‘ಕೈಗಾರಿಕೆ ಒಂದು ಕಡೆ, ವಾಸ ಒಂದು ಕಡೆ’ ಅಂತ ಗೆರೆ ಎಳೆದರು ಅಂದುಕೊಳ್ಳಿ. ಕಾಗದದ ಮೇಲೆ ಚೆಂದ ಕಾಣುತ್ತದೆ. ಆದರೆ ಆ ಗೆರೆ ಒಂದು ಸಂಸಾರವನ್ನು ಎರಡು ಹೋಳು ಮಾಡುತ್ತದೆ. ಹೆಂಗಸರಿಗೆ ಮಗು ಬಿಟ್ಟು ದೂರ ಹೋಗೋಕಾಗಲ್ಲ, ಅವರ ದುಡಿಮೆ ನಿಲ್ಲುತ್ತದೆ. ಅಂಗಳ ಇಲ್ಲದ ಶೆಡ್ ಕೊಟ್ಟರೆ ಭತ್ತ ರಸ್ತೆಗೆ ಬರುತ್ತದೆ. ಆಮೇಲೆ ‘ರಸ್ತೆ ಮೇಲೆ ಹರವಿದ್ದಾರೆ’ ಅಂತ ಬೈಗುಳ ಬೇರೆ.

ಖಾರ ಮಂಡಕ್ಕಿ, ನರ್ಗೀಸ್ ಮಂಡಕ್ಕಿ, ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ನಮ್ಮ ಸಂಜೆಯ ಊಟ ಅಂದರೂ ಸರಿ. ಬೆಣ್ಣೆ ದೋಸೆ ಹಿಟ್ಟಿಗೂ ಒಂದು ಹಿಡಿ ಮಂಡಕ್ಕಿ ಬೀಳುತ್ತದೆ. ಊರಿನ ಹೆಸರು ಹೊರಗಿನವರ ಬಾಯಲ್ಲಿ ಇರೋದೇ ಈ ರುಚಿಯಿಂದ. ಅದನ್ನು ಮಾಡುವ ಕೈಗಳಿಗೆ ನಕ್ಷೆಯಲ್ಲಿ ಅಂಗಳ ಇಲ್ಲದಿದ್ದರೆ ಹೇಗೆ?

ಹೊಗೆ ಬರುತ್ತದಲ್ಲ? ಹೊಗೆಯನ್ನೂ ಸಂಸ್ಕೃತಿ ಅಂತ ಉಳಿಸಿಕೊಳ್ಳಬೇಕಾ?

ಖಂಡಿತ ಬೇಡ. ಹೊಗೆ ಮೊದಲು ಸುಡೋದು ಭಟ್ಟಿಯಲ್ಲಿ ದುಡಿಯುವವರ ಎದೆಯನ್ನೇ. ಒಲೆ ಬದಲಾಗಲಿ, ಚಿಮಣಿ ಎತ್ತರವಾಗಲಿ, ಹೊಗೆ ಕಡಿಮೆ ಮಾಡುವ ಉರುವಲು ಬರಲಿ. 2016ರ ಜನವರಿಯಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ಊರುಗಳ ಪಟ್ಟಿಯಲ್ಲಿ ಬೆಳಗಾವಿ ಜೊತೆ ದಾವಣಗೆರೆಯ ಹೆಸರೂ ಬಂತು. ಆಗ ಊರು ಕಳಿಸಿದ್ದ ಪ್ರಸ್ತಾವದಲ್ಲೇ ಮಂಡಕ್ಕಿ ಭಟ್ಟಿ ಪ್ರದೇಶದ ಸುಧಾರಣೆ ಸೇರಿತ್ತು. ನನಗೆ ಅದು ಸರಿಯಾದ ದಿಕ್ಕು ಅನ್ನಿಸಿತ್ತು. ಊರು ತನ್ನ ಗುರುತನ್ನು ತಾನೇ ಹೆಸರು ಹಿಡಿದು ಬರೆದಿತ್ತು.

ಒಲೆ ಸುಧಾರಿಸೋದು ಬೇರೆ, ಭಟ್ಟಿಯನ್ನೇ ಊರಾಚೆ ತಳ್ಳೋದು ಬೇರೆ. ಹೊಸ ಒಲೆಯ ಮಾದರಿ ಮಾಡುವಾಗ ಜರಡಿ ಹಿಡಿಯುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಬೇಕು. ಮರಳಿನ ಕಾವು ಎಷ್ಟಿರಬೇಕು ಅಂತ ಅವರಿಗಿಂತ ಚೆನ್ನಾಗಿ ಬಲ್ಲ ಎಂಜಿನಿಯರ್ ಇಲ್ಲ.

ಇದಕ್ಕೆಲ್ಲ ಕಾನೂನಿನಲ್ಲಿ ಆಧಾರ ಇದೆಯಾ, ಸುಮ್ನೆ ಆಸೆಯಾ?

ಇದೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅದರಿಂದ ಬಂದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಇದೆ. ಮೊದಲನೆಯದೇ ನಗರ ಯೋಜನೆ. 13ನೆಯದು ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ವಿಷಯಗಳಿಗೆ ಪ್ರೋತ್ಸಾಹ. ನೀರು, ರಸ್ತೆ, ಸ್ಮಶಾನ ಇರುವ ಅದೇ ಪಟ್ಟಿಯಲ್ಲಿ ಸಂಸ್ಕೃತಿಯೂ ಇದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 11ನೆಯದು ಊರುಗಳ ಬಗ್ಗೆ, ಅದರ 4ನೇ ಉಪಗುರಿ ಪರಂಪರೆ ಕಾಪಾಡುವ ಬಗ್ಗೆ.

ಜಾತ್ರೆ ದಿನ ಊರೇ ನಿಂತುಹೋಗುತ್ತದೆ. ಅದಕ್ಕೂ ಯೋಜನೆ ಬೇಕಾ?

ಜಾತ್ರೆಗೇ ಎಲ್ಲಕ್ಕಿಂತ ಜಾಸ್ತಿ ಬೇಕು. ದಾವಣಗೆರೆಯ ನಗರದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ. ಹಳೇ ಊರಿನ ಮನೆಗಳಲ್ಲಿ ಒಂದೊಂದು ಮನೆಗೂ ಬೀಗರು, ನೆಂಟರು, ಅವರ ಮಕ್ಕಳು. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ನಾಲ್ಕು ಜನರ ಮನೆಯಲ್ಲಿ ಇಪ್ಪತ್ತು ಜನ. ಅಷ್ಟೂ ಜನಕ್ಕೆ ನೀರು ಬೇಕು, ಕಕ್ಕಸು ಬೇಕು, ಕಸ ಎತ್ತೋರು ಬೇಕು.

ಈಗ ಇದನ್ನು ಊರಿನ ನೀರಿನ ಲೆಕ್ಕದ ಪಕ್ಕ ಇಟ್ಟು ನೋಡಿ. ದಾವಣಗೆರೆ ಭದ್ರಾ ನಾಲೆಯ ನೀರನ್ನು ಟಿವಿ ಸ್ಟೇಷನ್ ಕೆರೆ, ಕುಂದುವಾಡ ಕೆರೆಗಳಲ್ಲಿ ತುಂಬಿಕೊಂಡು ಕುಡಿಯುತ್ತದೆ. ಜಾತ್ರೆ ಬರೋದು ಬೇಸಿಗೆ ಬಾಗಿಲಲ್ಲಿ. ಯಾವ ವರ್ಷ ಜಾತ್ರೆ ಅಂತ ಎರಡು ವರ್ಷ ಮೊದಲೇ ಗೊತ್ತಿರುತ್ತದೆ. ಹಾಗಾದರೆ ಆ ವಾರ ಹಳೇ ಊರಿಗೆ ನೀರು ಯಾವತ್ತು, ಎಷ್ಟು ಹೊತ್ತು ಅಂತ ಆ ವರ್ಷದ ಬಜೆಟ್ ಮಾಡುವಾಗಲೇ ಬರೆದಿಡಬಹುದಲ್ಲ? ಕೊನೆ ಗಳಿಗೆಯಲ್ಲಿ ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡುವವರು ಯಾರು ಅಂತ ನಮಗೆಲ್ಲ ಗೊತ್ತು. ಮನೆಯ ಹೆಂಗಸರು. ಹಬ್ಬ ಎಲ್ಲರಿಗೂ, ದಣಿವು ಅವರಿಗೆ.

ಒಂದು ಸಣ್ಣ ಮಾತು. ಹೊಸದಾಗಿ ವಿಭಜಕ, ಕಮಾನು, ಕಂಬ ಹಾಕುವ ಮುನ್ನ ಮೆರವಣಿಗೆ ಯಾವ ದಾರಿಯಲ್ಲಿ ಸಾಗುತ್ತದೆ ಅಂತ ಹಿರಿಯರನ್ನು ಒಮ್ಮೆ ಕೇಳಿದರೆ ಸಾಕು. ಹಾಕಿ, ಮತ್ತೆ ಒಡೆದು, ಮತ್ತೆ ಹಾಕುವ ದುಡ್ಡು ಉಳಿಯುತ್ತದೆ.

ಚಿತ್ರದುರ್ಗದಲ್ಲಿ ಕೋಟೆ ಇದೆ, ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ. ಅಲ್ಲಿಗೆ ಮುಗೀತಲ್ಲ?

ಮುಗಿಯಲ್ಲ. ಏಳು ಸುತ್ತಿನ ಕೋಟೆ ಅಂದ ಕೂಡಲೇ ನಮಗೆ ಕಲ್ಲು, ಓಬವ್ವನ ಕಿಂಡಿ, ಬತೇರಿ ನೆನಪಾಗುತ್ತವೆ. ನಾನು ದುರ್ಗಕ್ಕೆ ಹೋದಾಗಲೆಲ್ಲ ನೋಡೋದು ನೀರನ್ನು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯಲ್ಲಿರುವ ಸಂತೆ ಹೊಂಡಕ್ಕೆ. ಮಳೆ ಕಡಿಮೆ ಇರುವ ಬಯಲುಸೀಮೆಯಲ್ಲಿ ಒಂದು ಹನಿಯನ್ನು ನಾಲ್ಕು ಸಲ ಹಿಡಿದಿಡುವ ಲೆಕ್ಕ ಅದು. ಪಾಳೇಗಾರರ ಕಾಲದವರು ಬೆಟ್ಟ, ಕೋಟೆ, ಪೇಟೆ ಮೂರನ್ನೂ ಒಂದೇ ಯೋಜನೆಯಾಗಿ ನೋಡಿದ್ದರು.

ನಾವು ಇವತ್ತು ಹೇಗೆ ನೋಡುತ್ತಿದ್ದೇವೆ? ಬೆಟ್ಟದ ಮೇಲಿನ ಹೊಂಡ ಸ್ಮಾರಕ, ಪೇಟೆಯ ಹೊಂಡ ನಗರಸಭೆಯ ತಲೆನೋವು, ನಡುವಿನ ಕಾಲುವೆ ಯಾರದ್ದೂ ಅಲ್ಲ. ನೀರಿನ ದಾರಿಯಲ್ಲಿ ಒಂದು ಕಡೆ ಮಣ್ಣು ತುಂಬಿ ಕಟ್ಟಿದರೆ ಅದರ ಕೆಳಗಿನ ಹೊಂಡ ಇದ್ದೂ ಪ್ರಯೋಜನವಿಲ್ಲ. ಪರಂಪರೆ ಅನ್ನೋದು ಒಂದು ಕಟ್ಟಡಕ್ಕೆ ಬೇಲಿ ಹಾಕಿದರೆ ಉಳಿಯುವಂಥದ್ದಲ್ಲ. ಅದರ ಕೆಲಸವೂ ಉಳಿಯಬೇಕು. ದುರ್ಗ ಇವತ್ತು ಕುಡಿಯುವ ನೀರಿಗೆ ದೂರದ ಶಾಂತಿಸಾಗರವನ್ನು, ಅಂದರೆ ನಮ್ಮ ಸೂಳೆಕೆರೆಯನ್ನು ನೆಚ್ಚಿಕೊಂಡಿದೆ. ಹಳೇ ಹೊಂಡಗಳು ಇಡೀ ಊರಿಗೆ ನೀರು ಕೊಡುತ್ತವೆ ಅಂತ ನಾನು ಹೇಳಲ್ಲ. ಆದರೆ ಸುತ್ತಲಿನ ಬಾವಿ, ಬೋರ್‌ವೆಲ್‌ಗಳ ಸೆಲೆ ಬತ್ತದ ಹಾಗೆ ನೋಡಿಕೊಳ್ಳಬಲ್ಲವು.

ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಪುಷ್ಕರಣಿಯನ್ನೂ ನೋಡಿ ಬನ್ನಿ. ನೀರಿನ ನಡುವೆ ಮಂಟಪ, ದಂಡೆ ಮೇಲೆ ಮುಸಾಫಿರ್‌ಖಾನ. ದಾರಿಹೋಕರಿಗೆ ನೀರು, ನೆರಳು, ತಂಗಲು ಜಾಗ ಮೂರೂ ಒಂದೇ ಕಡೆ.

ಕೋಟೆ ಪಕ್ಕ ನಮ್ಮ ಮನೆ ಇದೆ. ರಿಪೇರಿಗೂ ಬಿಡಲ್ಲ ಅಂತಾರೆ, ನಿಜವಾ?

ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಪಡೆದು ಕಟ್ಟಬೇಕು. 100 ಮೀಟರ್ ಒಳಗಿದ್ದರೂ ಇರುವ ಮನೆಯ ರಿಪೇರಿಗೆ ಅನುಮತಿ ಕೇಳಬಹುದು. ಸುಮ್ನೆ ಹೆದರಿ ಕೂರಬೇಡಿ, ಅರ್ಜಿ ಹಾಕಿ.

ಆದರೂ ಇಲ್ಲಿ ಒಂದು ನೋವಿದೆ. ತಲೆಮಾರುಗಳಿಂದ ಕೋಟೆ ನೆರಳಲ್ಲಿ ಇದ್ದವರಿಗೇ ಕೋಟೆ ಹೊರೆಯಾಗಬಾರದು. ಮಳೆಗಾಲಕ್ಕೆ ಮುಂಚೆ ಸೋರುವ ಮಾಳಿಗೆ ಸರಿ ಮಾಡೋಕೆ ಬಡವರು ತಿಂಗಳುಗಟ್ಟಲೆ ಅಲೆಯುವಂತಾದರೆ ಅವರಿಗೆ ಆ ಕಲ್ಲುಗಳ ಮೇಲೆ ಪ್ರೀತಿ ಹೇಗೆ ಉಳಿದೀತು? ರಿಪೇರಿಯ ಅರ್ಜಿಗೆ ಊರಲ್ಲೇ, ಕನ್ನಡದಲ್ಲೇ, ವಾರಕ್ಕೊಂದು ದಿನ ಸಹಾಯ ಸಿಗುವ ವ್ಯವಸ್ಥೆ ಬೇಕು. ಇದನ್ನು ನಾನು ಒತ್ತಿ ಕೇಳುತ್ತೇನೆ.

ನೀವು ಯಾಕೆ ಇಷ್ಟು ತಲೆಕೆಡಿಸಿಕೊಂಡಿದ್ದೀರಿ?

ಒಂದು ಕಟ್ಟೆಯಿಂದ. ಹಳೇ ಊರಿನ ನಮ್ಮ ಓಣಿ ತುದಿಯಲ್ಲಿ ಅರಳಿಮರ ಇತ್ತು, ಸುತ್ತ ಕಲ್ಲಿನ ಕಟ್ಟೆ. ಬೆಳಿಗ್ಗೆ ಹಾಲಿನವರು ಕ್ಯಾನ್ ಇಳಿಸುತ್ತಿದ್ದರು. ಮಧ್ಯಾಹ್ನ ಗಾಡಿಯವರು ಮಲಗುತ್ತಿದ್ದರು. ಇಳಿಹೊತ್ತಿಗೆ ನಮ್ಮವ್ವ, ಪಕ್ಕದ ಮನೆ ದೊಡ್ಡವ್ವ, ಇನ್ನೂ ನಾಲ್ಕು ಜನ ಮೊರ ತಂದು ಅಕ್ಕಿ ಆರಿಸುತ್ತಾ ಕೂರುತ್ತಿದ್ದರು. ಕಲ್ಲು ಕೂತು ಕೂತು ನುಣ್ಣಗಾಗಿತ್ತು. ಅವ್ವ ಕೂರುವ ಜಾಗದಲ್ಲಿ ಸಣ್ಣ ತಗ್ಗೇ ಬಿದ್ದಿತ್ತು.

ರಸ್ತೆ ಅಗಲ ಆಯಿತು. ಮರ ಹೋಯಿತು, ಕಟ್ಟೆ ಹೋಯಿತು. ಬದಲಿಗೆ ಒಂದು ಸ್ಟೀಲ್ ಬೆಂಚು ಹಾಕಿದರು. ಮಧ್ಯಾಹ್ನ ಅದು ಕಾದ ಹೆಂಚು. ಮೂರು ಜನ ಸಾಲಾಗಿ ಕೂರಬಹುದು, ಎದುರುಬದುರು ಕೂತು ಮಾತಾಡೋಕೆ ಬರಲ್ಲ. ಮೊರ ಇಡೋಕೆ ಜಾಗ ಇಲ್ಲ. ಅವ್ವ ಒಂದು ದಿನ ಕೂತು ಎದ್ದು ಬಂದಳು. ಆಮೇಲೆ ಸಂಜೆ ಟಿವಿ ಮುಂದೆಯೇ. ದೊಡ್ಡವ್ವನಿಗೆ ಹುಷಾರಿಲ್ಲ ಅನ್ನೋದು ನಮಗೆ ಎಂಟು ದಿನ ತಡವಾಗಿ ಗೊತ್ತಾಯಿತು. ಹತ್ತು ಹೆಜ್ಜೆ ದೂರದ ಮನೆ ಅದು.

ಬೆಂಚು ಹಾಕಿದವರು ಕೆಟ್ಟವರಲ್ಲ. ಅವರ ಕಾಗದದಲ್ಲಿ ‘ಆಸನ ವ್ಯವಸ್ಥೆ’ ಅಂತ ಇತ್ತು, ಅವರು ಆಸನ ಕೊಟ್ಟರು. ಕಟ್ಟೆ ಏನು ಕೆಲಸ ಮಾಡುತ್ತಿತ್ತು ಅಂತ ಯಾರೂ ಕೇಳಲಿಲ್ಲ. ನಾವೂ ಹೋಗಿ ಹೇಳಲಿಲ್ಲ.

ಬೀದಿ ಬದಿ ವ್ಯಾಪಾರದವರನ್ನು ತೆಗೆದರೆ ರಸ್ತೆ ಸುಲಭ ಆಗುತ್ತದಲ್ಲ?

ಗಾಡಿ ಓಡಿಸುವವರಿಗೆ ಸುಲಭ ಆಗುತ್ತದೆ, ಕೊಳ್ಳುವವರಿಗೆ ಕಷ್ಟ ಆಗುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇಬ್ಬರನ್ನೂ ನೆನೆದು ಬರೆದದ್ದು. ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40 ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಆ ವ್ಯಾಪಾರಿ ಸದಸ್ಯರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಜನ ತಾವಾಗಿಯೇ ಸೇರಿ ಬೆಳೆದ ಸಂತೆಗಳಲ್ಲಿ 50 ವರ್ಷಕ್ಕಿಂತ ಹೆಚ್ಚು ಕಾಲದಿಂದ ವ್ಯಾಪಾರ ನಡೆದಿದ್ದರೆ ಅದನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನವರನ್ನು ಎಬ್ಬಿಸಬಾರದು ಅಂತಲೂ ಇದೆ. ಹೂವು, ಸೊಪ್ಪು, ಬಳೆ ಮಾರುವ ಎಷ್ಟೋ ಅಜ್ಜಿಯರಿಗೆ ಈ ಸಾಲು ಗೊತ್ತಿಲ್ಲ. ನಿಮಗೆ ಗೊತ್ತಾಯಿತಲ್ಲ, ಅವರಿಗೂ ಹೇಳಿ.

ಸರ್ಕಲ್, ಬಡಾವಣೆಗಳ ಹೆಸರು ಬದಲಾದರೆ ಏನು ನಷ್ಟ?

ದಾವಣಗೆರೆಯ ಹಗೇದಿಬ್ಬ ಸರ್ಕಲ್ ತಗೊಳ್ಳಿ. ಹಗೇವು ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕುಣಿ. ಅಲ್ಲೇ ಮಂಡಿಪೇಟೆ, ಹೊಂಡದ ಸರ್ಕಲ್, ಬಿನ್ನಿ ಕಂಪನಿ ರಸ್ತೆ. ಮಗುವಿನ ಕೈ ಹಿಡಿದು ಈ ಹೆಸರುಗಳನ್ನು ಓದುತ್ತಾ ಹೋದರೆ ಊರಿನ ಚರಿತ್ರೆ ಅರ್ಧ ಹೇಳಿದ ಹಾಗೆ. ಬೇತೂರಿನ ಪಕ್ಕದ ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರಾಲಿ ಅಪೋಜಿರಾಮ್ ಅನ್ನುವ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆತ ವ್ಯಾಪಾರಸ್ಥರನ್ನು ಕರೆದು ಕೂರಿಸಿದ. ಆಮೇಲೆ ಬಟ್ಟೆ ಗಿರಣಿಗಳು ಬಂದವು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡೆವು. ಗಿರಣಿ ಹೋದರೂ ಡಿಸಿಎಂ (ದಾವಣಗೆರೆ ಕಾಟನ್ ಮಿಲ್) ಟೌನ್‌ಶಿಪ್ ಅನ್ನುವ ಹೆಸರಲ್ಲಿ ಅದರ ನೆನಪು ಇದೆ. ಹೊಸ ಹೆಸರು ಹೊಸ ಬಡಾವಣೆಗೆ ಇಡಿ, ಹಳೇ ಹೆಸರನ್ನು ಒರೆಸಬೇಡಿ.

ನಾಟಕಕ್ಕೆ ದೊಡ್ಡ ರಂಗಮಂದಿರ ಕಟ್ಟಿಸಿದರೆ ಸಾಕಲ್ವಾ?

ವೃತ್ತಿ ರಂಗಭೂಮಿಗೆ ದಾವಣಗೆರೆ ತವರುಮನೆ ಇದ್ದ ಹಾಗೆ. ನಟಿ ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ಇಲ್ಲಿಯದೇ. ವೃತ್ತಿ ರಂಗಭೂಮಿಗೆಂದೇ ಒಂದು ರಂಗಾಯಣವೂ ಇಲ್ಲಿದೆ. ಆದರೆ ಕಂಪನಿ ನಾಟಕ ಬೆಳೆದದ್ದು ಕಾಂಕ್ರೀಟ್ ಕಟ್ಟಡದಲ್ಲಲ್ಲ. ಜಾತ್ರೆ ಬಯಲಲ್ಲಿ, ತಗಡಿನ ಗೋಡೆ ಕಟ್ಟಿ, ತಿಂಗಳುಗಟ್ಟಲೆ ಕ್ಯಾಂಪ್ ಹಾಕಿ. ಅವರಿಗೆ ಬೇಕಾದ್ದು ಕಡಿಮೆ ಬಾಡಿಗೆಯ ಬಯಲು, ಕರೆಂಟು, ನೀರು, ಹಿಂದೆ ಸಂಸಾರ ಇರೋಕೆ ಜಾಗ. ಊರಲ್ಲಿ ಖಾಲಿ ಬಯಲು ಅಂದರೆ ‘ಉಪಯೋಗ ಇಲ್ಲದ ಜಾಗ’ ಅಂತ ತಿಳಿಯುವವರು ಜಾಸ್ತಿ. ನಮ್ಮ ಹೈಸ್ಕೂಲ್ ಮೈದಾನ ನೋಡಿ. ಕ್ರಿಕೆಟ್ಟು, ಗಣಪತಿ ಪೆಂಡಾಲು, ದೀಪಾವಳಿಗೆ ಪಟಾಕಿ ಅಂಗಡಿ, ಎಲ್ಲ ಅಲ್ಲೇ. ಬಯಲನ್ನು ಬಯಲಾಗಿಯೇ ಬಿಡೋದೂ ಒಂದು ಯೋಜನೆ.

ಹಳೆಯದೆಲ್ಲ ಒಳ್ಳೆಯದು ಅಂತೀರಾ?

ಇಲ್ಲ. ದೇವರಿಗೆ ಪ್ರಾಣಿ ಬಲಿ ಕೊಡೋದನ್ನು ತಡೆಯುವ ಕಾಯ್ದೆ 1959ರಲ್ಲೇ ಬಂತು. ದೇವದಾಸಿ ಬಿಡೋದನ್ನು ನಿಷೇಧಿಸುವ ಕಾಯ್ದೆ 1982ರಲ್ಲಿ ಬಂತು. ಒಬ್ಬ ಮನುಷ್ಯನನ್ನು ಕೀಳು ಮಾಡುವ, ಬಾವಿ ಹತ್ತಿರ ಬರಬೇಡ ಅನ್ನುವ ಯಾವ ರೂಢಿಗೂ ನಕ್ಷೆಯಲ್ಲಿ ಜಾಗ ಕೊಡಬಾರದು. ಊರಿನ ಸಂಸ್ಕೃತಿ ಅಂದಾಗ ಒಂದೇ ಜಾತಿಯ, ಒಂದೇ ಧರ್ಮದ ಸಂಸ್ಕೃತಿ ಅಂತಲೂ ಅಲ್ಲ. ಉರುಸ್ ಬೀದಿ, ಚರ್ಚಿನ ಅಂಗಳ, ಕೇರಿಯ ಮಾರಮ್ಮನ ಗುಡಿ, ಹಳೇ ಗಿರಣಿ ಕಾರ್ಮಿಕರ ಲೈನ್ ಮನೆ, ಎಲ್ಲವೂ ಪಟ್ಟಿಯಲ್ಲಿ ಬರಬೇಕು. ಪಟ್ಟಿ ಮಾಡೋಕೆ ಕೂತವರಲ್ಲಿ ಆ ಕೇರಿಗಳವರೂ ಇರಬೇಕು.

ಹಾಗಾದರೆ ಎಲ್ಲಿ ಹೋಗಿ ಹೇಳಬೇಕು?

3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರಿಗೆ ವಾರ್ಡ್ ಸಮಿತಿಗಳು ಇರಬೇಕು ಅಂತ ಸಂವಿಧಾನವೇ ಹೇಳುತ್ತದೆ. 2011ರ ಜನಗಣತಿಯಲ್ಲೇ ದಾವಣಗೆರೆ 4 ಲಕ್ಷ ದಾಟಿತ್ತು. ಪಾಲಿಕೆ ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಸಭೆಗೆ ಹೋಗಿ. ಹೊಸ ಮಾಸ್ಟರ್ ಪ್ಲಾನ್ (ಊರಿನ ಯಾವ ನೆಲ ಯಾತಕ್ಕೆ ಅಂತ ತೋರಿಸುವ ನಕ್ಷೆ) ಕರಡು ಹೊರಬಿದ್ದಾಗ ಆಕ್ಷೇಪಣೆಗೆ 60 ದಿನ ಕೊಡುತ್ತಾರೆ. ದಾವಣಗೆರೆ, ಹರಿಹರದವರಿಗೆ ಅದು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ (ದೂಡಾ) ಕಚೇರಿಯಲ್ಲಿ ಸಿಗುತ್ತದೆ. ಕಾಗದ ಕೊಡಲ್ಲ ಅಂದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ‘ನಮ್ಮ ಪರಂಪರೆ ಉಳಿಸಿ’ ಅಂತ ಮೊಗಮ್ಮಾಗಿ ಬರೆದರೆ ಕೆಲಸ ಆಗಲ್ಲ. ಯಾವ ಜಾಗ, ಯಾವ ಹೊತ್ತು, ಎಷ್ಟು ಜನ, ಏನು ಮಾಡುತ್ತಾರೆ ಅಂತ ಬರೆಯಿರಿ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ನಿಂತು ಎಣಿಸಿ. ಆ ಎಣಿಕೆ ಕೈಯಲ್ಲಿದ್ದರೆ ಅಧಿಕಾರಿಗಳೂ ಕೇಳುತ್ತಾರೆ.

ನಮಗೆ ನಕ್ಷೆ ಓದೋಕೆ ಬರಲ್ಲವಲ್ಲ?

ಕಲಿಯೋಕೆ ಅರ್ಧ ಗಂಟೆ ಸಾಕು. ಹಳದಿ ಅಂದರೆ ವಾಸ. ನೀಲಿ ವ್ಯಾಪಾರ, ನೇರಳೆ ಕೈಗಾರಿಕೆ, ಕೆಂಪು ಶಾಲೆ, ಆಸ್ಪತ್ರೆ, ಕಚೇರಿ ಥರದ ಸಾರ್ವಜನಿಕ ಜಾಗ, ಹಸಿರು ಪಾರ್ಕು, ಮೈದಾನ. ಮೊದಲು ರೈಲು ಹಳಿ ಹುಡುಕಿ, ಅದು ಎದ್ದು ಕಾಣುತ್ತದೆ. ಅಲ್ಲಿಂದ ಬೆರಳಿಟ್ಟು ನಿಮ್ಮ ಓಣಿಗೆ ಬನ್ನಿ. ಆಮೇಲೆ ಕಟ್ಟೆ, ಸಂತೆ, ಭಟ್ಟಿ, ಬಯಲು, ಸ್ಮಶಾನ ಒಂದೊಂದೂ ಯಾವ ಬಣ್ಣದಲ್ಲಿವೆ ನೋಡಿ. ಬಣ್ಣ ತಪ್ಪಿದೆ ಅನ್ನಿಸಿದರೆ ಸರ್ವೆ ನಂಬರ್ ಸಮೇತ ಬರೆದು ಕೊಟ್ಟು, ಸ್ವೀಕೃತಿಯ ಸೀಲ್ ಹಾಕಿಸಿಕೊಂಡು ಬನ್ನಿ. ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಯಾವ ಜಾಗದಲ್ಲಿ ಏನು ನಡೆಯುತ್ತದೆ ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.